ಶನಿವಾರದ ಬಿಸಿನೀರು

ಶುಕ್ರವಾರ ಮಧ್ಯಾಹ್ನದ ಮೇಲೆ ನನ್ನ ತಂಗಿಯ ಮಗಳಿಗೆ ಫೋನು ಮಾಡಿದರೆ ಅವಳು ಎತ್ತುವುದಿಲ್ಲ. ಉಡುಪಿ ಕಡೆಯಿಂದ ಇಸ್ರೇಲಿಗೆ ಹೋಗಿ, ಜೆರುಸಲೇಮಿನ ಒಂದು ಮನೆಯಲ್ಲಿ ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದ ಅಜ್ಜಿಯೊಬ್ಬರನ್ನು ನೋಡಿಕೊಳ್ಳುತ್ತಿದ್ದಾಳೆ. ನಮ್ಮ ಕರಾವಳಿಯಿಂದ ಈ ಕೆಲಸಕ್ಕೆಂದು ಅಲ್ಲಿಗೆ ಹೋದವರು ಬೇಕಾದಷ್ಟು ಮಂದಿ. "ದೊಡ್ಡಮ್ಮಾ, ಅದು ಅಜ್ಜಿಗೆ ಮೀಯಿಸುವ ಹೊತ್ತು. ಸೈರನ್ ಕೂಗುವ ಮೊದಲು ಎಲ್ಲ ಮುಗಿಯಬೇಕು" ಎಂದು ಅವಳು ಮೊದಲ ತಿಂಗಳಲ್ಲೇ ಹೇಳಿಬಿಟ್ಟಿದ್ದಳು. ಶುಕ್ರವಾರ ಸೂರ್ಯಾಸ್ತದಿಂದ ಶನಿವಾರ ರಾತ್ರಿಯವರೆಗೆ ಯಹೂದಿಗಳ ವಿಶ್ರಾಂತಿಯ ದಿನ, ಸಬ್ಬತ್ತು. ಜೆರುಸಲೇಮಿನಲ್ಲಿ ಅದರ ದೀಪ ಹಚ್ಚುವ ಹೊತ್ತಿಗೆ ಊರಿಗೆಲ್ಲ ಕೇಳುವಂತೆ ಸೈರನ್ ಕೂಗುತ್ತದೆ. ಬೇರೆ ಊರುಗಳಲ್ಲಿ ಸಾಮಾನ್ಯವಾಗಿ ಸೂರ್ಯಾಸ್ತಕ್ಕೆ 18 ನಿಮಿಷ ಮೊದಲು ದೀಪ ಹಚ್ಚಿದರೆ ಅಲ್ಲಿನ ರೂಢಿ 40 ನಿಮಿಷ. ಚಳಿಗಾಲದಲ್ಲಂತೂ ನಾಲ್ಕು ಗಂಟೆಗೆಲ್ಲ ಕೂಗಿಯಾಗಿರುತ್ತದೆ.

"ಶನಿವಾರ ಬೆಳಿಗ್ಗೆ ನಿಧಾನವಾಗಿ ಮೀಯಿಸಬಾರದಾ?" ಎಂದು ಕೇಳಿದೆ. "ಶನಿವಾರ ಮೈಗೆ ಬಿಸಿನೀರು ಹಾಕಿಕೊಳ್ಳುವ ಹಾಗಿಲ್ಲವಂತೆ ದೊಡ್ಡಮ್ಮ. ಯಾಕೆ ಅಂತ ಕೇಳಿದರೆ ಅಜ್ಜಿಯ ಮಗ ಅರ್ಧ ಗಂಟೆ ಹೇಳಿದರು. ನನಗೆ ಪೂರ್ತಿ ತಿಳಿಯಲಿಲ್ಲ" ಎಂದಳು. ಆ ಅರ್ಧ ಗಂಟೆಯಲ್ಲಿ ಏನು ಹೇಳಿರಬಹುದು ಎಂಬ ಕುತೂಹಲ ನನ್ನನ್ನು ಬಿಡಲಿಲ್ಲ. ಯಹೂದಿ ಧರ್ಮಶಾಸ್ತ್ರದ ಚರ್ಚೆಗಳ ದೊಡ್ಡ ಗ್ರಂಥವಾದ ತಾಲ್ಮುದಿನ ಅನುವಾದ ಹಿಡಿದು ಕೂತೆ. ಕೂತಿದ್ದು ಎರಡು ಚಳಿಗಾಲ ದಾಟಿತು.

ಮೊದಲು ತಿಳಿದದ್ದು, ಸ್ನಾನ ಯಹೂದಿಗಳ ಲೆಕ್ಕದಲ್ಲಿ ಕೆಲಸವೇ ಅಲ್ಲ ಎಂಬುದು. ಸಬ್ಬತ್ತಿನಲ್ಲಿ ಮಾಡಬಾರದ 39 ಕೆಲಸಗಳ ಪಟ್ಟಿ ತಾಲ್ಮುದಿಗೆ ಬುನಾದಿಯಾದ ಮಿಶ್ನಾದಲ್ಲಿದೆ. ಉಳುವುದು, ಬಿತ್ತುವುದು, ಕೊಯ್ಯುವುದು, ನಾದುವುದು, ಸುಡುವುದು, ಗಂಟು ಹಾಕುವುದು, ಎರಡಕ್ಷರ ಬರೆಯುವುದು, ಬೆಂಕಿ ಹೊತ್ತಿಸುವುದು ಎಂದು ಸಾಗುವ ಆ ಸಾಲಿನಲ್ಲಿ ಮೀಯುವುದು ಎಲ್ಲೂ ಇಲ್ಲ. ತೊಡಕು ಬರುವುದು ನೀರು ಕಾಯಿಸುವಲ್ಲಿ. ನಾವು ಕನ್ನಡದವರು ನೀರನ್ನು ಕಾಯಿಸುತ್ತೇವೆ, ಅಕ್ಕಿಯನ್ನು ಬೇಯಿಸುತ್ತೇವೆ. ನೀರು ಬೆಂದಿತು ಎಂದು ಯಾರೂ ಹೇಳುವುದಿಲ್ಲ. ಅವರ ಧರ್ಮಶಾಸ್ತ್ರದಲ್ಲಿ ಎರಡಕ್ಕೂ ಒಂದೇ ಮಾತು, 'ಬಿಶುಲ್'. ಅಕ್ಕಿಯನ್ನು ಅನ್ನ ಮಾಡುವುದು ಹೇಗೋ ತಣ್ಣೀರನ್ನು ಬಿಸಿನೀರು ಮಾಡುವುದೂ ಹಾಗೆಯೇ ಪಾಕ. ನಮ್ಮ ಭಾಷೆ ಎರಡು ಕ್ರಿಯಾಪದ ಇಟ್ಟುಕೊಂಡದ್ದರಿಂದ ನಮಗೆ ಇದು ಥಟ್ಟನೆ ಹೊಳೆಯುವುದಿಲ್ಲ. ನಮ್ಮ ಹುಡುಗಿಗೆ ತಿಳಿಯದೆ ಹೋದದ್ದು ಇಲ್ಲೇ ಇರಬೇಕು.

ಹಾಗಾದರೆ ಶುಕ್ರವಾರವೇ ಕಾಯಿಸಿ ಮುಚ್ಚಿಟ್ಟ ನೀರಿಗೆ ಏನು ದೋಷ? ವಿಮೋಚನಕಾಂಡದ 35ನೇ ಅಧ್ಯಾಯ ಸಬ್ಬತ್ತಿನಲ್ಲಿ ಬೆಂಕಿ ಹೊತ್ತಿಸಬಾರದು ಎನ್ನುತ್ತದೆ. ಮೊದಲೇ ಹೊತ್ತಿಸಿದ ದೀಪ ರಾತ್ರಿಯಿಡೀ ಉರಿದರೆ ತಪ್ಪಿಲ್ಲ ಎಂದು ರಬ್ಬಿಗಳು, ಎಂದರೆ ಯಹೂದಿ ಧರ್ಮಪಂಡಿತರು, ಅದನ್ನು ಓದಿದರು. ದೀಪಕ್ಕೆ ಸಲ್ಲುವುದು ನೀರಿಗೂ ಸಲ್ಲಬೇಕು. ಸಂದಿತ್ತು ಕೂಡ. ಬಹಳ ಹಿಂದೆ ಜನ ಶುಕ್ರವಾರ ಕಾದ ನೀರಿನಲ್ಲಿ ಶನಿವಾರ ಮೀಯುತ್ತಿದ್ದರು. ಆ ಅನುಕೂಲ ತಪ್ಪಿದ್ದು ಸ್ನಾನಗೃಹದ ಕೆಲಸಗಾರರಿಂದ.

ಕ್ರಿಸ್ತಶಕದ ಮೊದಲ ಶತಮಾನಗಳ ಪ್ಯಾಲೆಸ್ಟೈನಿನಲ್ಲಿ ರೋಮನ್ನರ ಆಳ್ವಿಕೆ. ಪಟ್ಟಣ ಪಟ್ಟಣಕ್ಕೆ ಸಾರ್ವಜನಿಕ ಸ್ನಾನಗೃಹ. ನೆಲದಡಿಯಲ್ಲಿ ಗಿಡ್ಡ ಕಂಬಗಳ ನಡುವೆ ಟೊಳ್ಳು ಜಾಗ ಬಿಟ್ಟು, ಪಕ್ಕದ ಒಲೆಯ ಬಿಸಿಗಾಳಿಯನ್ನು ಅದರೊಳಗೆ ಹಾಯಿಸಿ ಮೇಲಿನ ಕೋಣೆಯನ್ನು ಕಾಯಿಸುವ ಏರ್ಪಾಡು. ಒಲೆಗೆ ಸೌದೆ ಒಡ್ಡುವವನು, ನೀರು ನೋಡಿಕೊಳ್ಳುವವನು 'ಬಲ್ಲಾನ್'. ಗ್ರೀಕಿನಿಂದ ಬಂದ ಹೆಸರು. ಈ ಬಲ್ಲಾನರು ಶನಿವಾರವೇ ಒಲೆಗೆ ಬೆಂಕಿ ಹಾಕಿ, "ಇದು ನಿನ್ನೆ ಕಾದ ನೀರು" ಎಂದು ಹೇಳತೊಡಗಿದರು. ಮೀಯಲು ಬಂದವನು ಹಬೆಯನ್ನು ನೋಡಿ ಅದು ನಿನ್ನೆಯದೋ ಇವತ್ತಿನದೋ ಎಂದು ಹೇಗೆ ಹೇಳಬೇಕು?

ಮುಂದೆ ಏನಾಯಿತು ಎಂಬುದನ್ನು ತಾಲ್ಮುದ್ ಒಂದೊಂದೇ ಮೆಟ್ಟಿಲಾಗಿ ಹೇಳುತ್ತದೆ. ರಬ್ಬಿಗಳು ಬಿಸಿನೀರಿನ ಸ್ನಾನ ಬೇಡ ಎಂದರು, ಬಿಸಿ ಕೋಣೆಯಲ್ಲಿ ಕೂತು ಬೆವರುವುದಕ್ಕೆ ಅಡ್ಡಿಯಿಲ್ಲ ಎಂದರು. ಜನ ಒಳಗೆ ಹೋಗಿ ಬಿಸಿನೀರಿನಲ್ಲೇ ಮಿಂದು, ಬೆವರಲು ಕೂತಿದ್ದೆವು ಎಂದರು. ಬೆವರುವುದೂ ಬೇಡ, ತಿಬೇರಿಯದ ಬಿಸಿನೀರ ಬುಗ್ಗೆಯಲ್ಲಿ ಮೀಯಿರಿ ಎಂದಾಯಿತು. ಜನ ಬೆಂಕಿಯಲ್ಲಿ ಕಾದ ನೀರಿನಲ್ಲಿ ಮಿಂದು, ಬುಗ್ಗೆಯಲ್ಲಿ ಮಿಂದೆವು ಎಂದರು. ಬುಗ್ಗೆಯನ್ನೂ ನಿಷೇಧಿಸಿ ತಣ್ಣೀರೊಂದನ್ನು ಉಳಿಸಿದರು. ಆಮೇಲೆ ಈ ಕಟ್ಟು ಜನರ ಕೈಯಲ್ಲಿ ನಿಲ್ಲುವಂಥದ್ದಲ್ಲ ಎಂಬುದು ರಬ್ಬಿಗಳಿಗೇ ಕಂಡಿತು. ಬುಗ್ಗೆಯನ್ನು ಮತ್ತೆ ಬಿಟ್ಟುಕೊಟ್ಟರು. ಬೆವರುವ ಕೋಣೆಯ ನಿಷೇಧ ಹಾಗೇ ಉಳಿಯಿತು.

ಈ ಭಾಗವನ್ನು ನಾನು ಹತ್ತಾರು ಸಲ ಓದಿದ್ದೇನೆ. ಕಟ್ಟಳೆ ಮಾಡುವವರು ಸಾಮಾನ್ಯವಾಗಿ ಕೊನೆಯ ತೀರ್ಮಾನವನ್ನಷ್ಟೇ ಬರೆದಿಡುತ್ತಾರೆ, ದಾರಿಯಲ್ಲಿ ಎಡವಿದ್ದನ್ನು ಅಳಿಸುತ್ತಾರೆ. ಇವರು ಅಳಿಸಲಿಲ್ಲ. ಬಲ್ಲಾನರ ಸುಳ್ಳು, ಮೀಯಲು ಬಂದವರ ಸುಳ್ಳು, ತಾವು ಬಿಗಿ ಮಾಡುತ್ತ ಹೋದದ್ದು, ಬಿಗಿ ಅತಿಯಾಯಿತು ಎಂದು ಕಂಡು ಹಿಂದೆ ಸರಿದದ್ದು ಎಲ್ಲವನ್ನೂ ಮಕ್ಕಳ ಮಕ್ಕಳು ಕಲಿಯಬೇಕಾದ ಪಾಠದೊಳಗೇ ಇಟ್ಟರು. ಹಿಂದೆ ಸರಿದದ್ದನ್ನು ಹೀಗೆ ಬಾಯಿಬಿಟ್ಟು ಹೇಳುವ ಕಾನೂನಿನ ಮೇಲೆ ನನಗೆ ದೊಡ್ಡ ಗೌರವ.

ಎಷ್ಟರ ಮಟ್ಟಿಗೆ ನಿಷೇಧ ಎಂಬುದರಲ್ಲಿ ಬ್ಯಾಬಿಲೋನಿಯಾದ ಇಬ್ಬರು ಹಿರಿಯರಿಗೆ ಒಮ್ಮತವಿರಲಿಲ್ಲ. ಶುಕ್ರವಾರ ಕಾದ ನೀರಿನಿಂದ ಒಂದೊಂದೇ ಅಂಗವಾಗಿ ಇಡೀ ಮೈ ತೊಳೆಯಬಹುದು ಎಂದರು ರಾವ್. ಮುಖ, ಕೈ, ಕಾಲು ಇಷ್ಟೇ ಎಂದರು ಶಮುವೇಲ್. ಶಮುವೇಲರ ಮಾತು ನಿಂತಿತು. 12ನೇ ಶತಮಾನದಲ್ಲಿ ಮೈಮೊನಿದೆಸ್ ಎಂಬ ಪಂಡಿತರು ತಮ್ಮ ಧರ್ಮಸಂಹಿತೆಯಲ್ಲಿ ಇದನ್ನೇ ಬರೆದರು, ಬಲ್ಲಾನರ ಕಥೆಯನ್ನೂ ಕಾರಣವಾಗಿ ಕೊಟ್ಟರು. ಸಫೇದ್ ಪಟ್ಟಣದ ಯೋಸೆಫ್ ಕಾರೊ ಬರೆದು 1565ರಲ್ಲಿ ವೆನಿಸ್ಸಿನಲ್ಲಿ ಅಚ್ಚಾದ 'ಶುಲ್ಹಾನ್ ಅರೂಖ್' ಎಂಬ ಗ್ರಂಥದಲ್ಲೂ ಇದೇ ಇದೆ. ಜೆರುಸಲೇಮಿನ ಅಜ್ಜಿಯ ಮನೆಯಲ್ಲಿ ನಡೆಯುವುದೂ ಅದೇ. ಸೌದೆ ಒಲೆಯ ಸ್ನಾನಗೃಹ ಹೋಯಿತು, ಬಲ್ಲಾನ ಹೋದ, ಅವನ ಹೆಸರಿನ ಕಟ್ಟಳೆ ಉಳಿದಿದೆ.

ತಿಬೇರಿಯದ ಮಾತು ಬಂತಲ್ಲ, ಆ ಊರನ್ನು ಸುಮ್ಮನೆ ದಾಟಿ ಹೋಗಲು ಮನಸ್ಸಾಗುವುದಿಲ್ಲ. ಗಲಿಲಾಯದ ಸರೋವರದ ಪಶ್ಚಿಮ ದಡ, ಸಮುದ್ರ ಮಟ್ಟಕ್ಕಿಂತ 200 ಮೀಟರಿಗೂ ಕೆಳಗೆ. ಆ ಸೀಮೆಯನ್ನು ಆಳುತ್ತಿದ್ದ ಹೆರೋದ ಅಂತಿಪ ಕಟ್ಟಿಸಿ ರೋಮಿನ ಚಕ್ರವರ್ತಿ ತಿಬೇರಿಯಸನ ಹೆಸರಿಟ್ಟ ಊರು. ದಕ್ಷಿಣದ ಅಂಚಿನಲ್ಲಿ ನೆಲದೊಳಗಿಂದ ಸುಮಾರು 60 ಡಿಗ್ರಿ ಬಿಸಿಯ ಉಪ್ಪುನೀರು ಉಕ್ಕುತ್ತದೆ. ಯಾರೂ ಸೌದೆ ಇಟ್ಟಿಲ್ಲ, ಯಾರೂ ಕಾಯಿಸಿಲ್ಲ. ಹಾಗಾದರೆ ಈ ಬಿಸಿ ಯಾರದು? ಬಿಸಿಲಿನಿಂದ ಹುಟ್ಟಿದ್ದು ಎಂದರು ರಬ್ಬಿಗಳಲ್ಲಿ ಹೆಚ್ಚಿನವರು. ರಬ್ಬಿ ಯೋಸೆ ಮಾತ್ರ, ಆ ನೀರು ನರಕದ ಬಾಗಿಲ ಮುಂದೆ ಹಾದು ಬರುತ್ತದೆ, ಅದರ ಬಿಸಿ ಬೆಂಕಿಯದೇ ಎಂದರು. ಕೇಳಲು ಪುರಾಣದಂತಿದ್ದರೂ ಅವರಿಗೆ ಇದು ಕಾನೂನಿನ ಪ್ರಶ್ನೆ. ಬಿಸಿಲಿನಲ್ಲಿ ಬೇಯಿಸುವುದು ಶಾಸ್ತ್ರ ಹೇಳುವ ಪಾಕವಲ್ಲ, ಬೆಂಕಿಯಲ್ಲಿ ಬೇಯಿಸುವುದು ಪಾಕ. ಬುಗ್ಗೆಯ ಶಾಖ ಸೂರ್ಯನದೋ ನರಕದ್ದೋ ಎಂಬುದರ ಮೇಲೆ ಅದರಲ್ಲಿ ಮೊಟ್ಟೆ ಬೇಯಿಸಿದವನ ತಪ್ಪೆಷ್ಟು ಎಂಬುದು ನಿಂತಿತ್ತು. ಭೂಮಿಯ ಒಡಲಲ್ಲೇ ಶಾಖವಿದೆ ಎಂದು ಶಾಲೆಯಲ್ಲಿ ಓದಿದ ನಾವು ಆ ಎರಡು ಪಕ್ಷಗಳಲ್ಲಿ ರಬ್ಬಿ ಯೋಸೆಗೇ ಹತ್ತಿರ ಎಂದು ನನಗೆ ತೋರುತ್ತದೆ.

ಆ ಬುಗ್ಗೆಗಳ ಪಕ್ಕದಲ್ಲೇ ನಾಲ್ಕನೇ ಶತಮಾನದ ಒಂದು ಯಹೂದಿ ಪ್ರಾರ್ಥನಾ ಮಂದಿರದ ಅವಶೇಷವಿದೆ. ನೆಲದ ತುಂಬ ಬಣ್ಣದ ಕಲ್ಲುಚೂರುಗಳ ಚಿತ್ರ. 12 ರಾಶಿಗಳ ಚಕ್ರ, ನಡುವೆ ರಥವೇರಿದ ಸೂರ್ಯ. ಗ್ರೀಕರ ಹೇಲಿಯೋಸನ ರೂಪ. ವಿಗ್ರಹಕ್ಕೆ ಕೈಮುಗಿಯದ ಜನ ತಮ್ಮ ಮಂದಿರದ ನೆಲಕ್ಕೆ ಸೂರ್ಯನನ್ನು ಏಕೆ ತಂದರು ಎಂದು ಪಂಡಿತರು ಇಂದಿಗೂ ವಾದಿಸುತ್ತಾರೆ. ನನಗೋ, ಚಿತ್ರದಲ್ಲಿ ಆ ಸೂರ್ಯನನ್ನು ಕಂಡಾಗಲೆಲ್ಲ ಪಕ್ಕದ ಬುಗ್ಗೆಯ ಹಬೆಯೂ ಆ ಹಳೆಯ ಪ್ರಶ್ನೆಯೂ ಒಟ್ಟಿಗೆ ನೆನಪಾಗುತ್ತವೆ.

ತಿಬೇರಿಯದವರು ಜಾಣರು. ಬುಗ್ಗೆಯ ಬಿಸಿನೀರಿನ ಕಾಲುವೆಯೊಳಗಿಂದ ತಣ್ಣೀರಿನ ಕೊಳವೆಯೊಂದನ್ನು ಹಾಯಿಸಿದರು. ಬೆಂಕಿಯಿಲ್ಲ, ಮುಟ್ಟುವವರಿಲ್ಲ, ಶುಕ್ರವಾರ ಇಟ್ಟ ಕೊಳವೆ ಶನಿವಾರವೂ ತಾನಾಗಿ ಬಿಸಿನೀರು ಕೊಡುತ್ತದೆ. ಇಂದು ಎಂಜಿನಿಯರುಗಳು ಹೀಟ್ ಎಕ್ಸ್‌ಚೇಂಜರ್ ಎನ್ನುವುದು ಇದನ್ನೇ. ಮಿಶ್ನಾ ಒಪ್ಪಲಿಲ್ಲ. ಸಬ್ಬತ್ತಿನಲ್ಲಿ ಹೀಗೆ ಬಂದ ನೀರು ಸಬ್ಬತ್ತಿನಲ್ಲಿ ಕಾಯಿಸಿದ ನೀರಿನಂತೆಯೇ, ಮೀಯಲೂ ಕುಡಿಯಲೂ ಬಾರದು ಎಂದಿತು. ತಿಬೇರಿಯದವರು ಮಾಡಿದ್ದೇ ಸರಿ ಎಂದು ಉಲ್ಲಾ ಎಂಬ ಪಂಡಿತರು ಆಮೇಲೊಮ್ಮೆ ಹೇಳಿದಾಗ, ಅವರು ತಮ್ಮ ಕೊಳವೆಯನ್ನು ಎಂದೋ ಒಡೆದು ಹಾಕಿದರು ಎಂದು ರಾವ್ ನಹ್ಮಾನ್ ಎಂಬ ಇನ್ನೊಬ್ಬರು ಉತ್ತರ ಕೊಟ್ಟರಂತೆ. ಅಷ್ಟು ತಲೆ ಓಡಿಸಿ ಕಟ್ಟಿದ್ದನ್ನು ಊರವರೇ ಕೈಯಾರೆ ಒಡೆದದ್ದನ್ನು ಓದಿ ನನಗೆ ಸಂಕಟವಾಯಿತು.

ನೀರಿನ ಸುಖ ಮನುಷ್ಯನ ವಿದ್ಯೆಯನ್ನೇ ತೊಳೆದುಬಿಡಬಲ್ಲದು ಎಂಬ ಅಂಜಿಕೆಯೂ ಅವರಿಗಿತ್ತು. ಎಲಾಜಾರ್ ಬೆನ್ ಅರಾಖ್ ಎಂಬ ರಬ್ಬಿ. ಉಕ್ಕಿ ಹರಿಯುವ ಚಿಲುಮೆ ಎಂದು ಗುರುವಿನಿಂದಲೇ ಕರೆಸಿಕೊಂಡವರು. ಅವರು ಒಳ್ಳೆಯ ದ್ರಾಕ್ಷಾರಸಕ್ಕೂ ಸ್ನಾನಕ್ಕೂ ಹೆಸರಾದ ಊರಿಗೆ ಹೋಗಿ ಅಲ್ಲೇ ನಿಂತುಬಿಟ್ಟರು. ತಿರುಗಿ ಬಂದು ಗ್ರಂಥ ತೆರೆದು ಓದಿದರೆ, ಒಂದನ್ನೊಂದು ಹೋಲುವ ಅಕ್ಷರಗಳು ಅದಲುಬದಲಾಗಿ, ತಿಂಗಳ ಎಣಿಕೆ ಹೇಳುವ ವಾಕ್ಯ ಹೃದಯ ಕಿವುಡಾದ ವಾಕ್ಯವಾಗಿ ಬಾಯಿಂದ ಬಂತು. ಜೊತೆಯವರು ಪ್ರಾರ್ಥಿಸಿದ ಮೇಲೆ ಕಲಿತದ್ದು ಮರಳಿತಂತೆ.

ಹಾಗೆಂದು ಅವರು ಸ್ನಾನವನ್ನು ತುಚ್ಛ ಮಾಡಿದವರಲ್ಲ. ಹಿಲ್ಲೆಲ್ ಎಂಬ ಹಿರಿಯರು ಒಮ್ಮೆ ಶಿಷ್ಯರಿಗೆ, ಒಂದು ಪುಣ್ಯಕಾರ್ಯಕ್ಕೆ ಹೊರಟಿದ್ದೇನೆ ಎಂದರು. ಏನೆಂದು ಕೇಳಿದರೆ, ಸ್ನಾನ. ಶಿಷ್ಯರು ಬೆರಗಾದರು. ರಂಗಮಂದಿರಗಳಲ್ಲಿ ನಿಂತ ರಾಜರ ಪ್ರತಿಮೆಗಳನ್ನು ತೊಳೆದು ಉಜ್ಜಲು ಸಂಬಳದ ಆಳಿದ್ದಾನೆ, ದೇವರ ರೂಪದಲ್ಲಿ ಹುಟ್ಟಿದ ಈ ಮೈಯನ್ನು ತೊಳೆಯುವುದು ಅದಕ್ಕಿಂತ ಕಡಿಮೆಯೇ ಎಂಬುದು ಹಿಲ್ಲೆಲರ ವಾದ. ಯೆಹೂದಾ ಬಾರ್ ಇಲಾಯಿ ಎಂಬ ರಬ್ಬಿಗೆ ಪ್ರತಿ ಶುಕ್ರವಾರ ಸಂಜೆ ಬೋಗುಣಿ ತುಂಬ ಬಿಸಿನೀರು ತಂದಿಡುತ್ತಿದ್ದರು. ಮುಖ, ಕೈ, ಕಾಲು ತೊಳೆದು, ನಾರುಬಟ್ಟೆ ಹೊದ್ದು ಕೂತರೆ ದೇವದೂತನ ಹಾಗೆ ಕಾಣುತ್ತಿದ್ದರಂತೆ. ಶನಿವಾರ ಬಿಸಿನೀರು ಇಲ್ಲದ್ದರಿಂದಲೇ ಶುಕ್ರವಾರದ ಬಿಸಿನೀರಿಗೆ ಆ ಕಳೆ ಬಂತು. ನಮ್ಮಲ್ಲಿ ನರಕಚತುರ್ದಶಿಯ ಹಿಂದಿನ ಸಂಜೆ ಹಂಡೆ ತಿಕ್ಕಿ, ಸುಣ್ಣ ಕೆಮ್ಮಣ್ಣು ಬಳಿದು, ನೀರು ತುಂಬಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರವಾದ ಒಂದು ಅಳತೆಯ ಮಾತು. ನೀರು ಎಷ್ಟು ಬಿಸಿಯಾದರೆ 'ಬೆಂದಿತು' ಎನ್ನಬೇಕು? ಮುಟ್ಟಿದ ಕೈ ತಾನಾಗಿ ಹಿಂದಕ್ಕೆ ಬರುವಷ್ಟು ಎಂದು ಮೊದಲ ಉತ್ತರ. ಅದು ಎಷ್ಟು ಬಿಸಿ ಎಂದು ಮತ್ತೆ ಪ್ರಶ್ನೆ. ಕೂಸಿನ ಹೊಟ್ಟೆ ಸುಡುವಷ್ಟು ಎಂದಿತು ತಾಲ್ಮುದ್. ಥರ್ಮಾಮೀಟರ್ ಇಲ್ಲದ ಕಾಲದಲ್ಲಿ ಲೋಕದ ಅಷ್ಟೊಂದು ವಸ್ತುಗಳಲ್ಲಿ ಅವರು ಆರಿಸಿಕೊಂಡದ್ದು ಹಸುಗೂಸಿನ ಹೊಟ್ಟೆಯನ್ನು. ಇಂದಿನ ರಬ್ಬಿಗಳು ಅದನ್ನು ಡಿಗ್ರಿಗೆ ಇಳಿಸಿ, 45 ಸೆಲ್ಸಿಯಸ್ ದಾಟಿದರೆ ಎಚ್ಚರವಿರಲಿ ಎನ್ನುತ್ತಾರೆ.

ನಮ್ಮ ಅಜ್ಜಿ ಕೂಸುಗಳಿಗೆ ಮೀಯಿಸುತ್ತಿದ್ದದ್ದನ್ನು ನಾನು ಬಚ್ಚಲ ಹೊಸಿಲ ಮೇಲೆ ಕೂತು ನೋಡಿದ್ದೇನೆ. ಮಣೆಯ ಮೇಲೆ ಕಾಲು ನೀಡಿ ಕೂತು, ಸೀರೆಯನ್ನು ಮಂಡಿಯ ಮೇಲೆ ಸರಿಸಿಕೊಂಡು, ಎಣ್ಣೆ ಹಚ್ಚಿದ ಕೂಸನ್ನು ಎರಡು ಕಣಕಾಲುಗಳ ನಡುವೆ ಬೋರಲು ಹಾಕಿಕೊಳ್ಳುತ್ತಿದ್ದರು. ಹಂಡೆಯ ನೀರನ್ನು ಬೋಗುಣಿಗೆ ತೋಡಿ, ತಣ್ಣೀರು ಬೆರೆಸಿ, ಹದ ನೋಡಲು ಮೊಣಕೈ ಅದ್ದುತ್ತಿದ್ದರು. ಅಂಗೈ ಅದ್ದುತ್ತಿರಲಿಲ್ಲ. ಒಲೆ, ಪಾತ್ರೆ, ಬೂದಿ ಮುಟ್ಟಿ ಮುಟ್ಟಿ ಅಂಗೈ ಮರವಾಗಿದೆ, ಅದರ ಮಾತು ಕೇಳಬಾರದು ಎನ್ನುತ್ತಿದ್ದರು. ಮೊದಲ ಚೊಂಬು ಬೀಳುವುದು ಅವರ ಕಾಲಿನ ಮೇಲೆ, ಎರಡನೆಯದು ಕೂಸಿನ ಬೆನ್ನ ಮೇಲೆ. ತಾಲ್ಮುದಿನ ಆ ಸಾಲಿಗೆ ಬಂದಾಗ ನನಗೆ ಅವರ ಮೊಣಕೈ ಕಣ್ಣಿಗೆ ಕಟ್ಟಿತು. ಆ ಅಳತೆಯನ್ನು ಹೇಳಿದ ರಬ್ಬಿ ತಾನೂ ಎಂದಾದರೂ ಅಂಥದೊಂದು ಹೊಸಿಲ ಮೇಲೆ ಕೂತಿದ್ದಿರಬೇಕು.

ಹಂಡೆಯಿಂದ ಬೋಗುಣಿಗೆ ತೋಡುವುದೆಂದೆನಲ್ಲ, ಅದಕ್ಕೂ ಅವರಲ್ಲಿ ಒಂದು ಕಟ್ಟಳೆಯಿದೆ. ಒಲೆಯ ಮೇಲಿದ್ದದ್ದು ಮೊದಲ ಪಾತ್ರೆ, ಅದರಿಂದ ತೋಡಿ ಹಾಕಿಕೊಂಡದ್ದು ಎರಡನೆಯ ಪಾತ್ರೆ. ಎರಡನೆಯ ಪಾತ್ರೆಗೆ ಬಂದ ನೀರು ಬೇಯಿಸುವ ಕಸುವು ಕಳೆದುಕೊಂಡಿರುತ್ತದೆ ಎಂಬುದು ಅವರ ಎಣಿಕೆ. ಇದಕ್ಕೆ ತಾಲ್ಮುದ್ ಕೊಡುವ ಸಾಕ್ಷಿ ಒಂದು ಸ್ನಾನಗೃಹದ ಕಥೆ. ಕ್ರಿಸ್ತಶಕ 200ರ ಸುಮಾರಿಗೆ ಮಿಶ್ನಾವನ್ನು ಒಟ್ಟುಗೂಡಿಸಿದ ರಬ್ಬಿ ಯೆಹೂದಾ ಹನಸಿ ಮೀಯಲು ಹೋಗಿದ್ದಾಗ ಜೊತೆಗಿದ್ದವರು ಎಣ್ಣೆಯ ಕುಪ್ಪಿಯನ್ನು ಬೆಚ್ಚಗಾಗಲೆಂದು ಬಿಸಿನೀರಿನ ತೊಟ್ಟಿಗೆ ಇಳಿಸಹೊರಟರು. ಎರಡನೆಯ ಪಾತ್ರೆಗೆ ತೋಡಿ ಅದರಲ್ಲಿಡು ಎಂದರು ರಬ್ಬಿ. ತಾಲ್ಮುದಿಗೆ ಕೂಡಲೇ ಒಂದು ಚಿಂತೆ. ಬಟ್ಟೆ ಬಿಚ್ಚಿ ನಿಂತ ಕಡೆ ಧರ್ಮದ ಮಾತು ಎತ್ತಬಾರದಲ್ಲ, ರಬ್ಬಿ ಹೇಗೆ ಆಡಿದರು? ಎದುರಿನವನು ತಪ್ಪು ಮಾಡಹೊರಟಾಗ ತಡೆಯುವ ಮಾತಿಗೆ ಆ ಕಟ್ಟಿಲ್ಲ ಎಂದು ಸಮಾಧಾನ. ಗಮಲಿಯೇಲ್ ಎಂಬ ರಬ್ಬಿ ಈ ಕಟ್ಟನ್ನು ಅಕ್ಷರಶಃ ಪಾಲಿಸಿದರು. ಅಕ್ಕೋ ಪಟ್ಟಣದ ಸ್ನಾನಗೃಹದಲ್ಲಿ, ಗ್ರೀಕರ ದೇವತೆ ಅಫ್ರೋಡೈಟಿಯ ವಿಗ್ರಹವಿರುವ ಕಡೆ ನೀವು ಮೀಯಬಹುದೇ ಎಂದು ಒಬ್ಬ ಕೇಳಿದಾಗ, ಸ್ನಾನಗೃಹದೊಳಗೆ ಉತ್ತರ ಕೊಡುವುದಿಲ್ಲ ಎಂದರು. ಹೊರಗೆ ಬಂದ ಮೇಲೆ, ಅವಳ ಜಾಗಕ್ಕೆ ನಾನು ಹೋದದ್ದಲ್ಲ, ನನ್ನ ಜಾಗಕ್ಕೆ ಅವಳು ಬಂದದ್ದು ಎಂದರು.

ಇಂದಿನ ನಲ್ಲಿಗಳಲ್ಲಿ ಬಿಸಿನೀರಿನ ಕಟ್ಟಳೆ ನಡೆಯುವ ಬಗೆ ಬೇರೆ. ಬಿಸಿನೀರಿನ ನಲ್ಲಿ ತಿರುಗಿಸಿದರೆ ಬಾಯ್ಲರಿನಿಂದ ಎಷ್ಟು ನೀರು ಹೊರಬಂತೋ ಅಷ್ಟೇ ತಣ್ಣೀರು ಒಳಗೆ ನುಗ್ಗುತ್ತದೆ, ಅಲ್ಲಿನ ಬಿಸಿನೀರಿಗೆ ಬೆರೆತು ಕಾಯುತ್ತದೆ. ತಿರುಗಿಸಿದವನು ಕೈ ತೊಳೆದದ್ದಷ್ಟೇ ಎಂದುಕೊಂಡರೂ ಒಳಗೆ ಪಾಕವಾಗಿದೆ. ಮಹಡಿಯ ಮೇಲೆ ಸೋಲಾರ್ ತೊಟ್ಟಿ ಇರುವವರ ಸ್ಥಿತಿ ಸ್ವಲ್ಪ ಹಗುರ. ಇಸ್ರೇಲಿನಲ್ಲಿ 1980ರಲ್ಲಿ ಹೊಸ ಮನೆಗಳಿಗೆ ಸೋಲಾರ್ ಹೀಟರ್ ಕಡ್ಡಾಯ ಮಾಡಿದರು, ಚಾವಣಿ ಚಾವಣಿಗೂ ಬಿಳಿಯ ತೊಟ್ಟಿ. ಬಿಸಿಲಲ್ಲಿ ಕಾದ ನೀರಲ್ಲವೇ ಎಂದು ರಬ್ಬಿ ಒವಾಡಿಯಾ ಯೋಸೆಫ್ ಪಾತ್ರೆ ತೊಳೆಯುವಂಥ ಬಳಕೆಗೆ ಅದನ್ನು ಒಪ್ಪಿದರು, ಒಪ್ಪದವರೂ ಇದ್ದಾರೆ. ತಿಬೇರಿಯದ ಬುಗ್ಗೆಯ ಆ ಸೂರ್ಯನ ವಾದ 1800 ವರ್ಷದ ಮೇಲೆ ಚಾವಣಿಗೆ ಹತ್ತಿ ಕೂತಿದೆ. ತಣ್ಣೀರಿನಲ್ಲಿ ಮಿಂದರೂ ಕೂದಲು ಹಿಂಡಬಾರದು, ಒದ್ದೆ ಟವೆಲು ಹಿಂಡಬಾರದು, ಸಾಬೂನು ಗಟ್ಟಿಯದು ಬೇಡ, ನೀರಾಗಿರುವುದನ್ನು ಬಳಸಬೇಕು. ಬಿರುಬೇಸಿಗೆಯಲ್ಲಿ ಬೆವರಿ ಸಂಕಟಪಡುವವನು ತಣ್ಣೀರಿನ ಶವರಿನಡಿ ನಿಲ್ಲಬಹುದು ಎಂದು ನ್ಯೂಯಾರ್ಕಿನ ರಬ್ಬಿ ಮೋಶೆ ಫೈನ್‌ಸ್ಟೈನ್ ಕಳೆದ ಶತಮಾನದಲ್ಲಿ ಬರೆದರು.

ಸಂಕಟ ಎಂಬ ಈ ಮಾತಿನ ಹಿಂದೆ ಇನ್ನೊಬ್ಬ ರಬ್ಬಿ ಇದ್ದಾರೆ. ಅಕಿವಾ ಐಗರ್. 1761ರಲ್ಲಿ ಹುಟ್ಟಿದವರು, ಪೋಸೆನ್ ನಗರದ ರಬ್ಬಿ. 1831ರಲ್ಲಿ ಕಾಲರಾ ಹಬ್ಬಿದಾಗ ಮನೆ ಮೈ ಶುಚಿಯಾಗಿಡಿ, ನೀರು ಕಾಯಿಸಿ ಕುಡಿಯಿರಿ, ಗುಂಪು ಸೇರಬೇಡಿ ಎಂದು ಊರಿಗೆ ಕಟ್ಟು ಮಾಡಿ ಜನರನ್ನು ಉಳಿಸಿದವರು. ಪ್ರಶ್ಯದ ರಾಜನೇ ಮೆಚ್ಚಿ ಬರೆದ. ರೋಗಿಯೆಂದು ಕರೆಯುವಷ್ಟು ಕಾಯಿಲೆ ಇಲ್ಲದಿದ್ದರೂ ಮೈಯ ನೋವಿನಿಂದ ಬಳಲುವವರು ಮೊದಲೇ ಕಾದಿದ್ದ ಬಿಸಿನೀರಿನಲ್ಲಿ ಸಬ್ಬತ್ತಿನಂದು ಇಡೀ ಮೈ ತೊಳೆಯಬಹುದು, ಬಲ್ಲಾನರಿಂದ ಹುಟ್ಟಿದ ನಿಷೇಧ ಅವರ ಮೇಲೆ ಬೀಳುವುದಿಲ್ಲ ಎಂಬುದು ಇವರ ತೀರ್ಪು. ರೋಗಿಯಾಗಿದ್ದರೆ ಇನ್ನೂ ಸಡಿಲ. ಯಹೂದಿಯಲ್ಲದ ಆಳು ಅವರಿಗಾಗಿ ನೀರು ಕಾಯಿಸಿಯೂ ಕೊಡಬಹುದು.

ಕಳೆದ ಚಳಿಗಾಲದಲ್ಲಿ ಒಂದು ಶನಿವಾರ ಬೆಳಿಗ್ಗೆ ಜೆರುಸಲೇಮಿನ ಅಜ್ಜಿಗೆ ಹೊಟ್ಟೆ ಕೆಟ್ಟಿತು. ಹಾಸಿಗೆಯೆಲ್ಲ ಹಾಳು. ಅಜ್ಜಿ ಗೋಡೆಯ ಕಡೆ ಮುಖ ತಿರುಗಿಸಿ ಅಳುತ್ತಿದ್ದರಂತೆ. ನಮ್ಮ ಹುಡುಗಿ ಒದ್ದೆ ಬಟ್ಟೆಯಲ್ಲಿ ಒರೆಸುತ್ತ, ಇವತ್ತು ಶನಿವಾರವಲ್ಲವೇ ಎಂದು ಕೈ ಕಟ್ಟಿದಂತಾಗಿ, ಅಜ್ಜಿಯ ಮಗನನ್ನು ಕೂಗಿದಳು. ಅವರು ಬಾಗಿಲ ಹೊರಗೇ ನಿಂತು, ಪುಸ್ತಕ ತೆಗೆಯಲೂ ಹೋಗದೆ, "ನೋವಿನಲ್ಲಿರುವವರಿಗೆ ಆ ಕಟ್ಟಿಲ್ಲ, ಅಮ್ಮನಿಗೆ ಬಿಸಿನೀರಿನಲ್ಲೇ ಸ್ನಾನ ಮಾಡಿಸು" ಎಂದರಂತೆ. ಎರಡನೆಯ ಮಾತು ಆಡಲಿಲ್ಲವಂತೆ.

ಇವಳು ಸ್ನಾನದ ಕುರ್ಚಿಯಲ್ಲಿ ಅಜ್ಜಿಯನ್ನು ಕೂರಿಸಿ, ಬಕೆಟ್ಟಿಗೆ ನೀರು ಬಿಟ್ಟು, ತಣ್ಣೀರು ಬೆರೆಸಿದಳು. "ಪಾರ್ಶ್ವವಾಯು ಆದ ಕಡೆ ಅವರಿಗೆ ಸುಟ್ಟರೂ ತಿಳಿಯುವುದಿಲ್ಲ ದೊಡ್ಡಮ್ಮಾ" ಎಂದಳು ಫೋನಿನಲ್ಲಿ. "ಮತ್ತೆ ಹದ ಹೇಗೆ ನೋಡಿದೆ?" ಎಂದೆ.

"ಮೊಣಕೈ ಅದ್ದಿ."